ಗುಂಪು ಪಾಸ್‌ಪೋರ್ಟ್ ನೋಡಂಗಿಲ್ರಿ

ಹೊರದೇಶದಾಗ ನಮ್ ಹುಡುಗ್ರ ಮ್ಯಾಲೆ ಹಲ್ಲೆ ಆತು ಅಂತ ಒಂದ್ ವಿಡಿಯೋ ಬಂದ್ರ ಸಾಕು, ನನ್ನ ಟೈಮ್‌ಲೈನ್‌ನಾಗ ಎರಡ್ ಪಾರ್ಟಿ ಆಗ್ತಾವ. ಒಂದ್ ಪಾರ್ಟಿ "ಎಂಬಸಿಯವ್ರು ಮಕ್ಕೊಂಡಾರೇನು, ವಿಮಾನ ಕಳಸ್ರಿ, ಮಿಲಿಟರಿ ಕಳಸ್ರಿ" ಅಂತೈತಿ. ಇನ್ನೊಂದು "ಅಲ್ಲಿಗೆ ಹೋಗು ಅಂತ ಯಾರ್ ಹೇಳಿದ್ರು, ಇಲ್ಲೇ ಬಿಎಸ್ಸಿ ಮಾಡ್ಕೊಂಡು ಬಿದ್ದಿರಬೇಕಿತ್ತು" ಅಂತೈತಿ. ಎರಡೂ ಓದಿದ್ರ ನನಗ ತಲಿ ಕೆಡ್ತೈತಿ. ಮೊದಲನೇದವ್ರಿಗೆ ಎಂಬಸಿ (ಹೊರದೇಶದಾಗ ಇರೂ ನಮ್ಮ ರಾಯಭಾರ ಕಚೇರಿ) ಕೈಯಾಗ ಏನೈತಿ ಏನಿಲ್ಲ ಗೊತ್ತಿಲ್ಲ, ಎರಡನೇದವ್ರಿಗೆ ಮಕ್ಕಳನ್ನ ಯಾಕ ಕಳಸ್ತಾರ ಅನ್ನೂದ ಗೊತ್ತಿಲ್ಲ. ಭಾಳ ದಿನದಿಂದ ಬರೀಬೇಕು ಅಂತಿದ್ದೆ, ಇವತ್ತ ರಜಾ ಐತಿ, ಉದ್ದ ಆಗ್ತೈತಿ, ತಾಳ್ಮಿ ಇದ್ದವ್ರು ಓದ್ರಿ.

2024ರ ಮೇ ತಿಂಗಳ ಬಿಷ್ಕೆಕ್ ಗಲಾಟಿ ನೆನಪೈತೇನ್ರಿ? ಕಿರ್ಗಿಸ್ತಾನದ ರಾಜಧಾನಿ ಅದು. ಮೇ 13ಕ್ಕ ಅಲ್ಲಿನ ಲೋಕಲ್ ಹುಡುಗ್ರಿಗೂ ಈಜಿಪ್ಟಿನ ಸ್ಟೂಡೆಂಟ್ಸ್‌ಗೂ ಬಡದಾಟ ಆತು. ಅದರ ವಿಡಿಯೋ 17ನೇ ತಾರೀಖ ವೈರಲ್ ಆತು, ಆವತ್ತ ರಾತ್ರಿನ ಮಂದಿ ಗುಂಪ್ ಗುಂಪಾಗಿ ಬೀದಿಗಿಳಿದು ಫಾರಿನ್ ಸ್ಟೂಡೆಂಟ್ಸ್ ಇರೂ ಹಾಸ್ಟೆಲ್‌ಗಳಿಗೆ ನುಗ್ಗಿದ್ರು. ಒಳಗ ಇದ್ದವ್ರು ಪಾಕಿಸ್ತಾನದವ್ರು, ನಮ್ಮವ್ರು, ಬಾಂಗ್ಲಾದವ್ರು. ಜಗಳ ಆಡಿದವ್ರು ಯಾರು, ಪೆಟ್ಟು ತಿಂದವ್ರು ಯಾರು ನೋಡ್ರಿ.

ನಮ್ಮ ಓಣ್ಯಾಗ ಒಬ್ರು ಕಾಕು ಅದಾರ, ಅವ್ರ ತಮ್ಮನ ಮಗ ಆಗ ಅಲ್ಲೇ ಎಂಬಿಬಿಎಸ್ ಓದಾಕತ್ತಿದ್ದ. ಮುಂಜಾನೆ ಚಾ ಕುಡಿಯೂ ಹೊತ್ತಿಗೆ ಬಂದು "ತಮ್ಮಾ, ಇದರಾಗ ಇಂಗ್ಲಿಷ್‌ನಾಗ ಏನ್ ಬರದಾರ ಓದಿ ಹೇಳಪಾ" ಅಂತ ಮೊಬೈಲ್ ಕೈಯಾಗ ಕೊಟ್ರು. ಎಂಬಸಿ ಹಾಕಿದ ಪೋಸ್ಟ್ ಅದು. ಈಗ ಪರಿಸ್ಥಿತಿ ಶಾಂತ ಐತಿ, ಆದ್ರೂ ಸ್ಟೂಡೆಂಟ್ಸ್ ಸದ್ಯಕ್ಕ ಹೊರಗ ಬರಬ್ಯಾಡ್ರಿ, ಏನಾರ ಇದ್ರ ಈ ನಂಬರಿಗೆ ಫೋನ್ ಮಾಡ್ರಿ, 24 ತಾಸು ಚಾಲೂ ಇರ್ತೈತಿ, ಇಷ್ಟ. ಅದರ ಕೆಳಗ ಹುಡುಗನ ಮೆಸೇಜು: "ಅತ್ತಿ ಫೋನ್ ಮಾಡಬ್ಯಾಡ್ರಿ, ಲೈಟ್ ಆರಿಸಿ ಕುಂತೀವಿ, ಬಾಗಲಕ್ಕ ಕಾಟ್ ಒತ್ತಿ ಇಟ್ಟೀವಿ, ಸಪ್ಪಳ ಆಗಬಾರದು." ಕಾಕು ಎರಡೂ ಕೇಳಿಸ್ಕೊಂಡು ಒಂದ ಪ್ರಶ್ನೆ ಕೇಳಿದ್ರು. "ಎಂಬಸಿಯವ್ರು ಅದ ಊರಾಗ ಅದಾರಂತಲ್ಲ, ಒಂದ್ ಗಾಡಿ ಕಳಿಸಿ ಹುಡುಗ್ರನ್ನ ತಮ್ಮ ಆಫೀಸಿಗೆ ಕರ್ಕೊಂಡ್ ಹೋಗಾಕ ಅವ್ರಿಗೇನ್ ಧಾಡಿ?"

ಆವತ್ತ ನಾನು ಏನೋ ಸಮಾಧಾನ ಹೇಳಿ ಕಳಿಸಿದೆ. ಆದ್ರ ಪ್ರಶ್ನೆ ಸರಿಯಾದ್ದ ಐತಿ, ಉತ್ತರ ಕೊಡಬೇಕು.

ಉತ್ತರ ಏನಪಾ ಅಂದ್ರ, ಎಂಬಸಿಗೆ ಆ ಊರಾಗ ಪೊಲೀಸ್ ಪವರ್ ಇಲ್ಲ. ಬೆರಳೆಣಿಕಿ ಆಫೀಸರ್ಸ್, ಒಂದಿಷ್ಟು ಲೋಕಲ್ ಸ್ಟಾಫ್, ಒಂದೆರಡು ಕಾರು. ಆ ದೇಶದಾಗ ನಮ್ಮ ಸ್ಟೂಡೆಂಟ್ಸ್ ಆಗ 15,000ದ ಆಸುಪಾಸು. ಎಂಬಸಿ ಅಂದ್ರ ಭಾರತದ ನೆಲ ಅಂತ ಭಾಳ ಮಂದಿ ತಿಳ್ಕೊಂಡಾರ, ಅದೂ ಅಲ್ಲ. ನೆಲ ಆ ದೇಶದ್ದ, ಆದ್ರ 1961ರ ವಿಯೆನ್ನಾ ಒಪ್ಪಂದದ ಪ್ರಕಾರ ಆ ದೇಶದ ಪೊಲೀಸ್ರು ಎಂಬಸಿಯವ್ರ ಒಪ್ಪಿಗಿ ಇಲ್ಲದ ಕಂಪೌಂಡ್ ಒಳಗ ಕಾಲ್ ಇಡಂಗಿಲ್ಲ, ಹೊರಗಿನಿಂದ ಅದನ್ನ ಕಾಯೂದು ಮಾತ್ರ ಅವ್ರದ ಕೆಲಸ. ಆ ರಕ್ಷಣಿ ಕಂಪೌಂಡಿಗೆ ಐತಿ, ಹತ್ತು ಕಿಲೋಮೀಟರ್ ದೂರದ ಹಾಸ್ಟೆಲ್‌ಗಿಲ್ಲ. ಹಾಸ್ಟೆಲ್ ಕಾಯಬೇಕಾದವ್ರು ಅಲ್ಲಿನ ಠಾಣೆದವ್ರು. ಎಂಬಸಿಯವ್ರು ಅಲ್ಲಿನ ವಿದೇಶಾಂಗ ಇಲಾಖೆಗೆ ಫೋನ್ ಹಚ್ಚಬಹುದು, ಪೊಲೀಸ್ ಮುಖ್ಯಸ್ಥರನ್ನ ಭೇಟಿ ಆಗಬಹುದು, ಯೂನಿವರ್ಸಿಟಿಯವ್ರಿಗೆ "ಆನ್‌ಲೈನ್ ಕ್ಲಾಸ್ ಮಾಡ್ರಿ" ಅಂತ ಒತ್ತಡ ಹಾಕಬಹುದು, ಆಸ್ಪತ್ರಿಗೆ ಹೋಗಬಹುದು, ಪಾಸ್‌ಪೋರ್ಟ್ ಕಳಕೊಂಡವ್ರಿಗೆ ವಾಪಸ್ ಬರಾಕ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡಬಹುದು. ಜೈಲಿಗೆ ಹಾಕಿದ್ರ 1963ರ ಇನ್ನೊಂದ್ ವಿಯೆನ್ನಾ ಒಪ್ಪಂದದ 36ನೇ ವಿಧಿ ಹಿಡ್ಕೊಂಡು ನಮ್ಮವನ್ನ ನೋಡಾಕ ಬಿಡ್ರಿ ಅಂತ ಕೇಳಬಹುದು. ಪಾಕಿಸ್ತಾನ ಹಿಡದು ಜೈಲಿಗೆ ಹಾಕಿದ ಕುಲಭೂಷಣ್ ಜಾಧವ್ ಕೇಸಿನಾಗ ಭಾರತ ಅದ ವಿಧಿ ಮ್ಯಾಲೆ 2019ರಾಗ ಹೇಗ್‌ನ ಅಂತಾರಾಷ್ಟ್ರೀಯ ಕೋರ್ಟಿನಾಗ ಪಾಕಿಸ್ತಾನದ ವಿರುದ್ಧ ಗೆದ್ದತು. ಗೆದ್ದತು, ಆದ್ರ ಆ ಮನಷ್ಯಾ ಮನಿಗೆ ಬಂದಿಲ್ಲ.

ಒಟ್ಟ ನೋಡಿದ್ರ ಎಂಬಸಿ ಕೈಯಾಗ ಇರೂದು ಕಾಗದ, ಫೋನು, ಮತ್ತ ಒತ್ತಡ. ಮೊದಲಿನ ಎರಡು ಎಲ್ಲಾ ದೇಶಕ್ಕೂ ಸಮ, ಮೂರನೇದು ಮಾತ್ರ ದೇಶದಿಂದ ದೇಶಕ್ಕ ಫರಕ್ ಆಗ್ತೈತಿ.

ಈ ಒತ್ತಡದ ಕಥಿ ಹಳೇದು. 1847ರಾಗ ಗ್ರೀಸ್ ದೇಶದ ಅಥೆನ್ಸ್‌ನಾಗ ಈಸ್ಟರ್ ಟೈಮಿಗೆ ಡಾನ್ ಪೆಸಿಫಿಕೊ ಅನ್ನೂ ಯಹೂದಿ ವ್ಯಾಪಾರಿ ಮನಿಗೆ ಗುಂಪು ನುಗ್ಗಿ ಲೂಟಿ ಮಾಡ್ತು. ಪೊಲೀಸ್ರು ಸುಮ್ನ ನಿಂತು ನೋಡಿದ್ರು. ಅವ ಹುಟ್ಟಿದ್ದು ಜಿಬ್ರಾಲ್ಟರ್‌ನಾಗ, ಹಂಗಾಗಿ ಕಾಗದದ ಮ್ಯಾಲೆ ಬ್ರಿಟಿಷ್ ಪ್ರಜೆ. ಗ್ರೀಸ್ ಪರಿಹಾರ ಕೊಡಲಿಲ್ಲ, ಅವ ಬ್ರಿಟನ್ನಿಗೆ ದೂರು ಕೊಟ್ಟ. 1850ರಾಗ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್ ನೌಕಾಪಡೆನ ಕಳಿಸಿ ಗ್ರೀಸಿನ ಬಂದರ ಬಂದ್ ಮಾಡಿಸಿಬಿಟ್ಟ! ಪಾರ್ಲಿಮೆಂಟಿನಾಗ ನಿಂತು, ಹಳೇ ಕಾಲದ ರೋಮಿನವ್ರು "ನಾನು ರೋಮಿನ ಪ್ರಜೆ" ಅಂದ್ರ ಹೆಂಗ ಯಾರೂ ಮುಟ್ಟತಿರಲಿಲ್ಲ ಹಂಗ ಬ್ರಿಟಿಷ್ ಪ್ರಜೆಗೂ ಆಗಬೇಕು ಅಂತ ದೊಡ್ಡ ಭಾಷಣ ಹೊಡದ. ಪೆಸಿಫಿಕೊಗೆ ಕೊನಿಗೆ ಸಿಕ್ಕಿದ್ದು ಅವ ಕೇಳಿದ್ದಕ್ಕಿಂತ ಭಾಳ ಕಮ್ಮಿ ಬಿಡ್ರಿ. "ಮಿಲಿಟರಿ ಕಳಸ್ರಿ" ಅನ್ನೂ ನಮ್ ಗೆಳೆಯರು ಕೇಳಾಕತ್ತಿದ್ದು ಇದನ್ನ. ಸಣ್ಣ ದೇಶದ ಬಾಗಲಿಗೆ ಹಡಗು ತಂದು ನಿಲ್ಲಿಸೂ ದೊಡ್ಡಸ್ತಿಕಿ. ಆಗ ಬ್ರಿಟನ್ ಹಿಂಗ ಮಾಡಿದ್ದು ಕೇಳಿದ್ರ ನಮಗ ಮೈ ಉರೀತೈತಿ, ಈಗ ನಾವ ಮಾಡಬೇಕು ಅಂತೀವಿ.

ಇನ್ನೊಂದ್ ವಿಷಯ ಮಂದಿಗೆ ಗೊತ್ತ ಇಲ್ಲ. ನಮ್ಮನ್ನ ರಕ್ಷಣಿ ಮಾಡ್ರಿ ಅಂತ ಕೇಳೂದು ನಮ್ಮ ಹಕ್ಕು ಅಂತ ನಾವ್ ತಿಳ್ಕೊಂಡೀವಿ. ಅಂತಾರಾಷ್ಟ್ರೀಯ ಕಾನೂನಿನಾಗ ಅದು ದೇಶದ ಹಕ್ಕು. 1924ರಾಗ ಹೇಗ್‌ನ ಕೋರ್ಟು ಇದನ್ನ ಸ್ಪಷ್ಟ ಹೇಳಿತು, ತನ್ನ ಪ್ರಜೆಯ ಕೇಸ್ ಕೈಗೆ ತಗೊಂಡಾಗ ದೇಶ ತನ್ನದ ಹಕ್ಕನ್ನ ಸಾಧಸ್ತೈತಿ ಅಂತ. ಅಂದ್ರ ತಗೊಳ್ಳೂದು ಬಿಡೂದು ಸರ್ಕಾರಕ್ಕ ಬಿಟ್ಟಿದ್ದು. ಅದೂ ಮೊದಲು ಆ ದೇಶದ ಠಾಣೆ, ಆ ದೇಶದ ಕೋರ್ಟು ಎಲ್ಲಾ ತಿರುಗಿ ನ್ಯಾಯ ಸಿಗಲಿಲ್ಲ ಅಂದ ಮ್ಯಾಲೆ. ರಾತ್ರಿ ಎರಡು ಗಂಟೆಗೆ ಬಾಗಲಾ ಒಡೆಯೋರ ಮುಂದ ಇದು ಯಾವ ಉಪಯೋಗಕ್ಕ ಬರ್ತೈತಿ ಹೇಳ್ರಿ. ನಮ್ಮ ಸುಪ್ರೀಂ ಕೋರ್ಟಿಗೂ 2022ರ ಮಾರ್ಚ್‌ನಾಗ ಯುಕ್ರೇನ್ ಸ್ಟೂಡೆಂಟ್ಸ್ ವಿಷಯ ಹೋಗಿತ್ತು, ಆಗಿನ ಮುಖ್ಯ ನ್ಯಾಯಮೂರ್ತಿ ರಮಣ ಅವ್ರು ಯುದ್ಧ ನಿಲ್ಲಸು ಅಂತ ರಷ್ಯಾ ಅಧ್ಯಕ್ಷರಿಗೆ ನಾವು ಆದೇಶ ಕೊಡಾಕ ಆಗ್ತೈತೇನು ಅನ್ನೂ ಅರ್ಥದಾಗ ಕೇಳಿದ್ರು. ಟ್ರೋಲ್ ಆದ್ರು ಪಾಪ. ಮಾತು ಖರೇನ ಇತ್ತು.

ಯುಕ್ರೇನ್ ಅಂದ್ರ ನಮ್ಮ ಕಡೆ ಮಂದಿಗೆ ಮೊದಲು ನೆನಪಾಗೂದು ರಾಣೇಬೆನ್ನೂರು ತಾಲೂಕಿನ ಚಳಗೇರಿ. ಅದು ಯುದ್ಧ, ಲೋಕಲ್ ಮಂದಿ ದ್ವೇಷ ಅಲ್ಲ, ಗೊತ್ತೈತಿ. ಆದ್ರ ಎಂಬಸಿ ಎಷ್ಟು ದೂರ ಇರ್ತೈತಿ ಅನ್ನೂದು ಹಾವೇರಿ ಜಿಲ್ಲೆಗೆ ಗೊತ್ತಾಗಿದ್ದು ಆವಾಗ. 2022ರ ಫೆಬ್ರವರಿ 15ಕ್ಕ ಕೀವ್‌ನ ನಮ್ಮ ಎಂಬಸಿ ಒಂದ್ ಸೂಚನಾ ಹೊರಡಸ್ತು, ಇರೂದು ಅಗತ್ಯ ಇಲ್ಲದ ಸ್ಟೂಡೆಂಟ್ಸ್ ತಾತ್ಕಾಲಿಕವಾಗಿ ಬಿಟ್ಟು ಹೋಗೂ ವಿಚಾರ ಮಾಡಬಹುದು ಅಂತ. "ಮಾಡಬಹುದು" ಅಂದ್ರ ಯಾರ್ ಹೋಗ್ತಾರ್ರೀ? ಕ್ಲಾಸ್ ನಡೀತಾವ, ಟಿಕೆಟ್ ರೇಟು ಏರ್ಯಾವ, ಅಟೆಂಡೆನ್ಸ್ ಚಿಂತಿ ಬ್ಯಾರೆ. ಫೆಬ್ರವರಿ 24ಕ್ಕ ವಿಮಾನ ಹಾರೂದ ಬಂದ್ ಆತು. ಮಾರ್ಚ್ 1ಕ್ಕ ಖಾರ್ಕಿವ್‌ನಾಗ ಊಟದ ಸಾಮಾನು ತರಾಕ ಹೊರಗ ಹೋಗಿದ್ದ ಚಳಗೇರಿ ಹುಡುಗ ಶೆಲ್ ದಾಳಿಗೆ ತೀರ್ಕೊಂಡ. ಮರುದಿನ ಎಂಬಸಿ ಖಾರ್ಕಿವ್ ಬಿಡ್ರಿ ಅಂತ ಹೇಳ್ತು, ಸಂಜಿ 6ರೊಳಗ ಪೆಸೊಚಿನ್, ಬಾಬಾಯ್, ಬೆಜ್ಲ್ಯುಡೊವ್ಕಾ ಮುಟ್ರಿ, ಗಾಡಿ ಇಲ್ಲಂದ್ರ ನಡಕೊಂಡ ಹೋಗ್ರಿ. 11, 12, 16 ಕಿಲೋಮೀಟರ್. ಹಿಮದಾಗ. ಹುಡುಗನ ಶವ ಊರು ಮುಟ್ಟಿದ್ದು ಮಾರ್ಚ್ 21ಕ್ಕ. ಮನಿಯವ್ರು ಅದನ್ನ ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ರು. ಅವರಪ್ಪ ಆಗ ಟಿವಿ ಮುಂದ ಹೇಳಿದ್ದು ನೆನಪೈತಿ, ಪಿಯುಸಿಯಾಗ 97 ಪರ್ಸೆಂಟ್ ತಗೊಂಡ್ರೂ ಇಲ್ಲಿ ಸೀಟ್ ಸಿಗಲಿಲ್ಲ ಅಂತ. "ಹೋಗು ಅಂತ ಯಾರ್ ಹೇಳಿದ್ರು" ಪಾರ್ಟಿಯವ್ರು ಇದೊಂದ ವಾಕ್ಯಾ ಎರಡ್ ಸಲ ಓದ್ರಿ.

ಸೂಚನಾ ಬಂದ ಕೂಡ್ಲೆ ವಾಪಸ್ ಬರಬೇಕಿತ್ತು ಅನ್ನೋರಿಗೂ ಒಂದ್ ಮಾತು. ಎನ್‌ಎಂಸಿ (ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ) 2021ರಾಗ ಮಾಡಿದ ನಿಯಮದ ಪ್ರಕಾರ ಹೊರದೇಶದ ಎಂಬಿಬಿಎಸ್ ಕನಿಷ್ಠ 54 ತಿಂಗಳು ಇರಬೇಕು, ಪೂರ್ತಿ ಕೋರ್ಸು ಒಂದ ಕಾಲೇಜಿನಾಗ ಮುಗಿಸಬೇಕು, ಅಲ್ಲೇ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ನಡುವ ಕಾಲೇಜು ಬದಲಿಸಿದ್ರ ಡಿಗ್ರಿ ಇಲ್ಲಿ ನಡೆಯಂಗಿಲ್ಲ. ಯುಕ್ರೇನ್ ಮಂದಿಗೆ 2022ರ ಸೆಪ್ಟೆಂಬರ್‌ನಾಗ ವಿಶೇಷ ವಿನಾಯಿತಿ ಕೊಟ್ರು, ಬ್ಯಾರೆ ದೇಶದ ಕಾಲೇಜಿಗೆ ಹೋಗಾಕ ಬಿಟ್ರು, ಅದೂ ಅಷ್ಟೆಲ್ಲಾ ಆದ ಮ್ಯಾಲೆ. ಅಂದ್ರ ಒಂದ್ ಕಡೆ ಎಂಬಸಿ "ಬರ್ರಿ" ಅಂತೈತಿ, ಇನ್ನೊಂದ್ ಕಡೆ ನಮ್ಮದ ಇನ್ನೊಂದ್ ಆಫೀಸು "ಬಂದ್ರ ನಿಮ್ಮ ವರ್ಷ ಹೋತು" ಅಂತೈತಿ. ಹೊಲ ಅಡ ಇಟ್ಟು ಸಾಲ ಎತ್ತಿ ಕಳಿಸಿದ ಅಪ್ಪ ಯಾವುದನ್ನ ಕೇಳ್ಬೇಕು? ಕಾಕು ತಮ್ಮನ ಮಗನೂ ಗಲಾಟಿ ತಣ್ಣಗಾದ ಮ್ಯಾಲೆ ಅಲ್ಲೇ ಉಳದ. ಅವನ್ನ ಕಳಿಸಿದ ಕನ್ಸಲ್ಟೆನ್ಸಿಯವ್ರು (ಹೆಸರು ಬ್ಯಾಡ, ಬೋರ್ಡ್ ಇನ್ನೂ ಐತಿ) ಆ ವಾರ ಪೂರ್ತಿ ಫೋನ್ ಎತ್ತಲಿಲ್ಲ, ಅಡ್ಮಿಷನ್ ಟೈಮಿಗೆ ದಿನಾ ಮೂರ್ ಸಲ ಅವರ ಮಾಡ್ತಿದ್ರು.

ಇನ್ನ ಆ ಒತ್ತಡ ಕೆಲಸ ಮಾಡೂದು ಯಾವಾಗ? ಎದುರಿನವ್ರಿಗೆ ಕಳಕೊಳ್ಳೂದು ಏನಾರ ಇದ್ದಾಗ. 2009ರಾಗ ಆಸ್ಟ್ರೇಲಿಯಾದ ಮೆಲ್ಬರ್ನ್‌ನಾಗ ನಮ್ಮ ಸ್ಟೂಡೆಂಟ್ಸ್ ಮ್ಯಾಲೆ ಒಂದರ ಹಿಂದ ಒಂದು ಹಲ್ಲೆ ಆದ್ವು. ಅಲ್ಲಿನ ಪೊಲೀಸ್ರು ಮೊದಮೊದಲು, ಇವು ಬರೇ ಕಳ್ಳತನದ ಕೇಸು, ರಾತ್ರಿ ಟ್ರೇನಿನಾಗ ಲ್ಯಾಪ್‌ಟಾಪ್ ತೋರಿಸ್ಕೊಂತ ಓಡ್ಯಾಡಬ್ಯಾಡ್ರಿ ಅಂತ ಬುದ್ಧಿ ಹೇಳಿದ್ರು. ಮೇ ಕೊನಿಗೆ ಹುಡುಗ್ರು ಊರ ನಟ್ಟನಡುವ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ ಮುಂದ ಕುಂತು ರಸ್ತಾ ಬಂದ್ ಮಾಡಿದ್ರು. ನಮ್ಮ ಚಾನೆಲ್‌ಗಳು ದಿನಾ ಹಚ್ಚಿದ್ವು, ಭಾರತದಿಂದ ಅಲ್ಲಿಗೆ ಓದಾಕ ಹೋಗೋರ ಅರ್ಜಿ ಕಮ್ಮಿ ಆದ್ವು. ಅವಾಗ ನೋಡ್ರಿ ಮಂತ್ರಿಗಳು ಓಡಿ ಬರಾಕತ್ತಿದ್ದು, ಆ ವರ್ಷ ನವೆಂಬರ್‌ನಾಗ ಅವ್ರ ಪ್ರಧಾನಿ ಕೆವಿನ್ ರಡ್ ಅವ್ರ ಖುದ್ದ ಭಾರತಕ್ಕ ಬಂದ್ರು. ನ್ಯಾಯ ಅನ್ಯಾಯಕ್ಕಿಂತ ಫೀ ರೊಕ್ಕ ಜೋರ್ ಮಾತಾಡ್ತು ಅಂತ ನನ್ನ ಅನಿಸಿಕಿ. 2025ರಾಗ ಐರ್ಲೆಂಡ್‌ನಾಗ ಹಂಗ ಆದಾಗ ನಮ್ಮ ಡಬ್ಲಿನ್ ಎಂಬಸಿ ಆಗಸ್ಟ್ 1ಕ್ಕ ಸೂಚನಾ ಕೊಡ್ತು, ಮಂದಿ ಇಲ್ಲದ ಜಾಗಕ್ಕ ಹೊತ್ತಲ್ಲದ ಹೊತ್ತಿನಾಗ ಹೋಗಬ್ಯಾಡ್ರಿ ಅಂತ. ನೈಟ್ ಡ್ಯೂಟಿ ಮುಗಿಸಿ ಬರೂ ನರ್ಸು ಯಾವ ಹೊತ್ತಿನಾಗ ಬರಬೇಕು ಅಂತ ಅದರಾಗ ಬರದಿರಂಗಿಲ್ಲ.

ಈಗ ನಾನು ಖರೇ ಹೇಳಬೇಕು ಅಂದ್ಕೊಂಡಿದ್ದು. ಕೆಲವ್ರಿಗೆ ಸಿಟ್ಟು ಬರಬಹುದು, ಬರ್ಲಿ.

2016ರ ಜನವರಿ 31. ಬೆಂಗಳೂರಿನ ಹೆಸರಘಟ್ಟ ಕಡೆ ಸುಡಾನ್ ದೇಶದ ಒಬ್ಬ ಸ್ಟೂಡೆಂಟ್ ಕಾರು ಗುದ್ದಿ ಒಬ್ಬ ಹೆಣ್ಮಗಳು ತೀರ್ಕೊಂಡ್ಳು. ಮಂದಿಗೆ ಸಿಟ್ಟು ಬರೂದು ಸಹಜ. ಸ್ವಲ್ಪ ಹೊತ್ತಿನ ಮ್ಯಾಲೆ ಅದ ದಾರಿಗೆ ತಾಂಜಾನಿಯಾದ ಒಬ್ಬ ಹುಡುಗಿ ತನ್ನ ಗೆಳೆಯರ ಕೂಡ ಕಾರಿನಾಗ ಬಂದ್ಳು. ಅಪಘಾತಕ್ಕೂ ಆಕಿಗೂ ಏನೂ ಸಂಬಂಧ ಇಲ್ಲ, ದೇಶನೂ ಬ್ಯಾರೆ. ಗುಂಪು ಅವರನ್ನ ಎಳದು ಹೊಡೀತು, ಕಾರಿಗೆ ಬೆಂಕಿ ಹಚ್ತು, ಆಕಿ ಅರಿಬಿ ಹರೀತು ಅಂತ ಆಕಿ ದೂರು ಕೊಟ್ಳು. ಬಿಷ್ಕೆಕ್‌ನಾಗ ಈಜಿಪ್ಟಿನವ್ರು ಬಡದಾಡಿದ್ರು, ನಮ್ಮವ್ರು ಬಾಗಲಕ್ಕ ಕಾಟ್ ಒತ್ತಿದ್ರು. ಬೆಂಗಳೂರಿನಾಗ ಸುಡಾನಿನವ ಗುದ್ದಿದ, ತಾಂಜಾನಿಯಾದಾಕಿ ಪೆಟ್ಟು ತಿಂದ್ಳು. ಗುಂಪು ಪಾಸ್‌ಪೋರ್ಟ್ ನೋಡಂಗಿಲ್ರಿ, ಬಣ್ಣ ನೋಡ್ತೈತಿ, ಮಾರಿ ನೋಡ್ತೈತಿ. ಎಂಬಸಿ ಮಾತ್ರ ಪಾಸ್‌ಪೋರ್ಟ್ ಬಿಟ್ಟು ಮತ್ತೇನೂ ನೋಡಂಗಿಲ್ಲ. ಈ ಎರಡರ ನಡುವ ನಿಂತು ಇವ ಯಾರರ ಇರ್ಲಿ, ನನ್ನ ಹದ್ದಿನಾಗ ಅದಾನ, ನಾ ಕಾಯ್ತೀನಿ ಅನ್ನಬೇಕಾದವ ಒಬ್ಬನ, ಆ ಊರಿನ ಪೊಲೀಸ್.

ಆವಾಗ ತಾಂಜಾನಿಯಾದ ಹೈಕಮಿಷನರ್ (ಅವ್ರ ರಾಯಭಾರಿ) ದಿಲ್ಲಿಯಿಂದ ಬೆಂಗಳೂರಿಗೆ ಬಂದ್ರು. ಸುಷ್ಮಾ ಸ್ವರಾಜ್ ಅವ್ರು ನೋವಾಗೇತಿ ಅಂತ ಟ್ವೀಟ್ ಮಾಡಿದ್ರು, ಸಿಎಂಗೆ ಮಾತಾಡಿದ್ರು. ಒಂದಿಷ್ಟು ಮಂದಿ ಅರೆಸ್ಟ್ ಆದ್ರು, ಪೊಲೀಸರಾಗೂ ಕೆಲವ್ರು ಸಸ್ಪೆಂಡ್ ಆದ್ರು. ನಮ್ಮ ಗೃಹಮಂತ್ರಿಗಳು ಮಾತ್ರ ಇದು ಜನಾಂಗೀಯ ಹಲ್ಲೆ ಅಲ್ಲ ಅಂದ್ರು. ಮೆಲ್ಬರ್ನ್ ಪೊಲೀಸ್ರು ಅಂದಿದ್ದಕ್ಕೂ ಇದಕ್ಕೂ ಏನ್ ಫರಕ್? ಅದ ವರ್ಷ ಮೇನಾಗ ದಿಲ್ಲಿಯಾಗ ಕಾಂಗೋ ದೇಶದ ಯುವಕನ ಕೊಲಿ ಆತು, ಆಫ್ರಿಕಾದ ರಾಯಭಾರಿಗಳೆಲ್ಲಾ ಸೇರಿ ಆಫ್ರಿಕಾ ದಿನದ ಕಾರ್ಯಕ್ರಮ ಮುಂದ ಹಾಕ್ರಿ ಅಂದ್ರು. 2017ರಾಗ ಗ್ರೇಟರ್ ನೋಯ್ಡಾದಾಗ ನೈಜೀರಿಯಾ ಹುಡುಗ್ರಿಗೆ ಮಾಲ್ ಒಳಗ ಹೊಡದ್ರು, ಆ ರಾಯಭಾರಿಗಳು ಇದು ಪರದೇಶಿಗಳ ಮ್ಯಾಲಿನ ದ್ವೇಷ, ಭಾರತ ತಗೊಂಡ ಕ್ರಮ ಸಾಲದು ಅಂತ ಹೇಳಿಕಿ ಕೊಟ್ರು. ನಮ್ಮ ಸರ್ಕಾರಕ್ಕ ಅದು ಸೇರಲಿಲ್ಲ. ನಾವು ಬ್ಯಾರೆ ದೇಶದವ್ರ ಕಡೆಯಿಂದ ಏನು ಬೇಡ್ತೀವೋ ಅದನ್ನ ಅವ್ರು ನಮ್ಮ ಕಡೆ ಬೇಡಿದ್ರ ನಮ್ಮ ಮರ್ಯಾದಿ ಹೋಗ್ತೈತಿ.

"ಅದೆಲ್ಲಾ ಬೆಂಗಳೂರು ದಿಲ್ಲಿ ಕಥಿ, ನಮ್ಮ ಹುಬ್ಬಳ್ಳಿ ಧಾರವಾಡ ಹಂಗಲ್ಲ" ಅಂತೀರಿ. ಹಂಗಾಗದ ಇರ್ಲಿ. ಆದ್ರ ನಮ್ಮಲ್ಲೂ ಪರದೇಶದವ್ರು ಅದಾರ. ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಅಫ್ಘಾನಿಸ್ತಾನದ ಹುಡುಗ್ರು ಓದಾಕತ್ತಿದ್ರು, 2021ರ ಆಗಸ್ಟ್‌ನಾಗ ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ಪೇಪರ್‌ನ್ಯಾಗೆಲ್ಲಾ ಅವ್ರ ಸುದ್ದಿ ಬಂದಿತ್ತು. ಅಂಥ ಹುಡುಗ್ರ ಪಾಡು ವಿಚಾರ ಮಾಡ್ರಿ. ಆಗ ಕೈಯಾಗಿದ್ದದ್ದು ಹಳೇ ಸರ್ಕಾರದ ಪಾಸ್‌ಪೋರ್ಟು, ಊರಾಗ ಹೊಸ ಸರ್ಕಾರ, 2023ರ ನವೆಂಬರ್‌ನಾಗ ದಿಲ್ಲಿಯ ಅವ್ರ ಎಂಬಸಿನ ಕಾಯಂ ಬಂದ್ ಅಂತ ಘೋಷಣಾ ಆತು. ಧಾರವಾಡದ ಸಪ್ತಾಪುರದಾಗ ಬಾಡಿಗಿ ಮನಿ ಮಾಲಕ ಖಾಲಿ ಮಾಡು ಅಂತ ಗದರಿಸಿದ್ರ ಅಂಥ ಹುಡುಗ ಆಗ ಯಾವ ರಾಯಭಾರಿಗೆ ಫೋನ್ ಹಚ್ಚಬೇಕಿತ್ತು?

ಇಲ್ಲೇ ಹುಬ್ಬಳ್ಳಿಯಿಂದ ಬಸ್ ಹತ್ತಿದ್ರ ತಾಸು ಸವಾ ತಾಸಿಗೆ ಮುಂಡಗೋಡ. 1966ರಿಂದ ಟಿಬೆಟಿಯನ್ನರ ಕ್ಯಾಂಪ್ ಐತಿ. ಥಂಡಿ ಶುರು ಆದ್ರ ನಮ್ಮೂರಾಗ ಸ್ವೆಟರ್ ಅಂಗಡಿ ಹಾಕೋರು ಅವ್ರ. ನಮ್ಮವ್ವ ಒಬ್ಬಾಕಿ ಅಂಗಡ್ಯಾಗ ಚೌಕಾಶಿ ಮಾಡೂದು ನೋಡಬೇಕ್ರಿ, ಆಕಿನೂ ನಮ್ಮವ್ವಗಿಂತ ಚಲೋ ಕನ್ನಡದಾಗ ಜಗ್ಗಾಡ್ತಾಳ, "ಅಕ್ಕಾರ, ಕಳದ ವರ್ಷದ್ದ ರೇಟ್ ಹೇಳೀನಿ" ಅಂತ. ಎಂಬಸಿ ಅನ್ನೂದ ಇಲ್ಲ ಅವ್ರಿಗೆ. ಕೈಯಾಗ ಆರ್‌ಸಿ ಅನ್ನೂ ನೋಂದಣಿ ಪತ್ರ, ಅದನ್ನ ಪೊಲೀಸ್ ಇಲಾಖೆಯಾಗ ರಿನ್ಯೂ ಮಾಡಿಸ್ಕೊಂತ ಮೂರ್ ತಲಿಮಾರು ಕಳದಾರ. ಏನಾರ ಆದ್ರ ಅವ್ರ ಪಾಲಿಗೆ ಮುಂಡಗೋಡ ಠಾಣೆನ ಎಂಬಸಿ, ಅಲ್ಲಿನ ಇನ್‌ಸ್ಪೆಕ್ಟರನ ರಾಯಭಾರಿ. ಇಷ್ಟ್ ವರ್ಷ ಬಾಳುವೆ ಮಾಡ್ಯಾರ ಅಂದ್ರ ಆ ವ್ಯವಸ್ಥೆ ಹೆಚ್ಚು ಕಮ್ಮಿ ನಡದೈತಿ ಅಂತನ ಅರ್ಥ. ಯಾವ ಪ್ರಧಾನಿ ಟ್ವೀಟೂ ಬೇಕಾಗಿಲ್ಲ.

ಅದಕ್ಕ ನಾನು ಅನ್ನೂದು, ಮಕ್ಕಳನ್ನ ಕಳಿಸೂಮುಂದ ಎಂಬಸಿ ಫೋನ್ ನಂಬರ್ ಕೇಳಿದಂಗ ಆ ಊರಿನ ಠಾಣೆ ಹೆಂಗೈತಿ ಅಂತನೂ ಕೇಳ್ರಿ. ಹಾಸ್ಟೆಲ್ ಕಾಲೇಜಿಂದೋ ಖಾಸಗಿದೋ, ರಾತ್ರಿ ವಾಚ್‌ಮನ್ ಅದಾನೋ ಇಲ್ಲೋ, ಹಿಂದಿನ ಗಲಾಟಿಯಾಗ ಅರೆಸ್ಟ್ ಆದವ್ರಿಗೆ ಶಿಕ್ಷೆ ಆತೋ ಇಲ್ಲೋ, ಅಲ್ಲೇ ಓದೂ ಸೀನಿಯರ್‌ಗೆ ಕೇಳ್ರಿ, ಕನ್ಸಲ್ಟೆನ್ಸಿಯವ್ನಿಗೆ ಕೇಳಬ್ಯಾಡ್ರಿ. ಹೋದ ಕೂಡ್ಲೆ ಎಂಬಸಿಯಾಗ ಹೆಸರು ನೋಂದಾಯಿಸಾಕ ಹೇಳ್ರಿ. 2023ರಾಗ ಸುಡಾನ್‌ನಾಗ ಯುದ್ಧ ಹತ್ತಿದಾಗ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಮಂದಿ, ಔಷಧ ಮಾರಾಕ ಹೋದವ್ರು, ಅಲ್ ಫಾಶಿರ್ ಅನ್ನೂ ಊರಾಗ ಸಿಕ್ಕೊಂಡಿದ್ರು, ರಾಜಧಾನಿ ಖಾರ್ಟೂಮಿನಿಂದ ಎಷ್ಟೋ ದೂರ. ಅಂಥ ಮೂಲ್ಯಾಗ ಯಾರ್ ಅದಾರ ಅನ್ನೂದು ಯಾರರ ಹೇಳಿದ್ರ ತಾನ ಗೊತ್ತಾಗೂದು. ಸಿದ್ದರಾಮಯ್ಯ ಟ್ವೀಟ್ ಮಾಡಿದ್ರು, ಜೈಶಂಕರ್ ಅದಕ್ಕ ಖಾರ ಉತ್ತರ ಕೊಟ್ರು, ಎಲೆಕ್ಷನ್ ಟೈಮು ಬ್ಯಾರೆ. ಕೊನಿಗೆ ಆಪರೇಷನ್ ಕಾವೇರಿ ಮಾಡಿ 3,862 ಭಾರತೀಯರನ್ನ ಕರ್ಕೊಂಡ್ ಬಂದ್ರು. ಇಂಥಾದ್ದರಾಗ ನಮ್ಮ ಸರ್ಕಾರ ಚಲೋನ ಕೆಲಸ ಮಾಡೇತಿ, ಇಲ್ಲ ಅನ್ನಾಕ ಬರಂಗಿಲ್ಲ. ಆದ್ರ ಹಂಗ ದೊಡ್ಡ ಯುದ್ಧ ಆದಾಗ ವಿಮಾನ ಹೋಗ್ತಾವ. ಒಂದ್ ರಾತ್ರಿ ಗುಂಪು ಬಾಗಲಾ ಬಡದ್ರ ಹೋಗಂಗಿಲ್ಲ.

ರಾಜ್ಯ ಸರ್ಕಾರಕ್ಕೂ ಒಂದ್ ಮಾತು. ಕೇರಳದವ್ರು ಹೊರಗ ಇರೂ ತಮ್ಮ ಮಂದಿಗಂತನ 1996ರಾಗ ನೋರ್ಕಾ ಅನ್ನೂ ಪ್ರತ್ಯೇಕ ಇಲಾಖೆನ ಮಾಡ್ಕೊಂಡಾರ. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿ ಐತಿ, ಆದ್ರ ಅದು ಬೆಂಗಳೂರಿನಾಗ ಐತಿ. ಹಾವೇರಿ ಡಿಸಿ ಆಫೀಸಿನಾಗ, ಗದಗ ಡಿಸಿ ಆಫೀಸಿನಾಗ ಒಂದ್ ಟೇಬಲ್ ಇಟ್ಟು ಜಿಲ್ಲೆಯಿಂದ ಯಾರ್ ಯಾವ ದೇಶದಾಗ ಓದಾಕತ್ತಾರ ಅನ್ನೂ ಪಟ್ಟಿ ಗಲಾಟಿ ಆಗೂಕಿಂತ ಮೊದಲ ಮಾಡಿದ್ರ ಏನ್ ಗಂಟ್ ಹೋಗ್ತೈತಿ? ಗಲ್ಫ್‌ಗೆ ಕೂಲಿಗೆ ಹೋಗೋರಿಗೆ 1983ರ ಎಮಿಗ್ರೇಷನ್ ಕಾಯ್ದೆ ಐತಿ, ಏಜೆಂಟ್ ಲೈಸೆನ್ಸ್ ತಗೋಬೇಕು. ಸ್ಟೂಡೆಂಟ್ಸ್ ಕಳಸೂ ಏಜೆಂಟ್‌ಗೆ ಆ ಕಾಯ್ದಿ ಹತ್ತಂಗ ಇಲ್ಲ, ಫ್ಲೆಕ್ಸ್ ಹಾಕಿದ್ರ ಮುಗೀತು. ಎನ್‌ಎಂಸಿ ನಿಯಮದಾಗೂ, ಎಂಬಸಿ ವಾಪಸ್ ಬರ್ರಿ ಅಂದ್ರ ಆ ಟೈಮ್ ಕೋರ್ಸಿನಾಗ ಹಿಡೀತೀವಿ ಅನ್ನೂ ಒಂದ್ ಕಲಂ ಸೇರಸಬೇಕು.

ಈ ಭಾಗದ ಎಂಎಲ್‌ಎ ಎಂಪಿಗೆ ಇದನ್ನ ಅರ್ಜಿ ಮಾಡಿ ಕೊಡೂ ವಿಚಾರ ಐತಿ. ಹೊರಗ ಓದಿ ಬಂದವ್ರು, ಮಕ್ಕಳನ್ನ ಕಳಿಸಿದವ್ರು, ಎಂಬಸಿಗೆ ಫೋನ್ ಮಾಡಿದಾಗ ಖರೇ ಏನಾತು ಅಂತ ಕಾಮೆಂಟ್‌ನಾಗ ಬರೀರಿ, ಚಲೋ ಆಗಿದ್ರೂ ಬರೀರಿ. ಕನ್ಸಲ್ಟೆನ್ಸಿ ನಂಬರ್ ಹಾಕೋರಿದ್ರ ದಯವಿಟ್ಟು ಬ್ಯಾಡ, ಹಾಕಿದ್ರ ಡಿಲೀಟ್ ಮಾಡಿ ಬ್ಲಾಕ್ ಮಾಡ್ತೀನಿ.